ಬ್ಯಾಟರಿಯಿಂದ ಒಂದು ಗೇಣು



ರಜೆ ಬಂತೆಂದರೆ ನಮ್ಮ ಕಾಸರಗೋಡು ಕಡೆಯ ಯುವ ಘಟಕಗಳಿಗೆ ವಿಹಾರಕ್ಕೆ ಎರಡೇ ದಿಕ್ಕು. ಒಂದು ಮಡಿಕೇರಿ, ಇನ್ನೊಂದು ನೀಲೇಶ್ವರದ ಆಚೆಯ ವಲಿಯಪರಂಬ ಹಿನ್ನೀರು. ಬಸ್ಸಿನಲ್ಲಿ ಹೋದರೆ ಹಾಡು ಬಸ್ಸಿನವರದು. ಬೋಟ್ ಗೊತ್ತುಮಾಡಿದರೆ ಮಾತ್ರ 'ಸೌಂಡ್ ನಾವೇ ತರುತ್ತೇವೆ' ಎನ್ನುವವರು ಪ್ರತಿ ವಾರ್ಡಿನಲ್ಲೂ ಇಬ್ಬರು ಮೂವರು ಇರುತ್ತಾರೆ. ಕಾರಿನಿಂದ ಕಳಚಿದ ಆಂಪ್ಲಿಫೈಯರ್, ಒಂದು ಸಬ್ ವೂಫರ್, ಎರಡು ಸ್ಪೀಕರ್, ಒಂದು ಸುತ್ತು ವೈರ್. ಬೋಟಿನ ಬ್ಯಾಟರಿಗೆ ನೇರ ಕ್ಲಿಪ್ ಹಾಕಿದರೆ ಆಯಿತು, ಹಾಡು ಶುರು.

ನಾವು ಹಾಡಿನ ವಿರೋಧಿಗಳಲ್ಲ. ಚರ್ಚಿನ ಹಬ್ಬಕ್ಕೆ ಮೈಕ್ ಕಟ್ಟುವವರು, ಕ್ರಿಸ್ಮಸ್ ಕ್ಯಾರಲ್ ಗಾಡಿಗೆ ಸ್ಪೀಕರ್ ಏರಿಸುವವರು ನಾವೇ. ಆದರೆ ಬೋಟಿನ ವಿಷಯದಲ್ಲಿ ನಮ್ಮ ಅಭಿಪ್ರಾಯ ನೇರವಾಗಿದೆ: ಬ್ಯಾಟರಿಯ ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ ಸರಿಯಾದ ಫ್ಯೂಸ್ ಇಲ್ಲದಿದ್ದರೆ ಆ ಬೋಟಿನಲ್ಲಿ ಆಂಪ್ ಹಾಕಬಾರದು. ಹಾಡಿಲ್ಲದೆ ಹೋಗೋಣ. ಸಭೆಯಲ್ಲಿ ಎಷ್ಟು ಕೈ ಎತ್ತಿದರೂ ಇದು ಕೈ ಎತ್ತಿ ತೀರ್ಮಾನಿಸುವ ವಿಷಯವಲ್ಲ.

ಇದನ್ನು ಹೇಳಿದ ಕೂಡಲೇ ಬರುವ ಉತ್ತರ ನಮಗೆ ಗೊತ್ತು. "ಅಷ್ಟೆಲ್ಲ ಯಾಕೆ ಮಾರಾಯ್ರೆ, ಆಂಪಿನಲ್ಲೇ ಫ್ಯೂಸ್ ಉಂಟಲ್ಲ?"

ಉಂಟು. ಅದು ಆಂಪನ್ನು ಕಾಯುವ ಫ್ಯೂಸ್. ನಾವು ಕೇಳುತ್ತಿರುವುದು ವೈರನ್ನು ಕಾಯುವ ಫ್ಯೂಸ್. ಇವೆರಡರ ನಡುವಿನ ವ್ಯತ್ಯಾಸ ಅಡಿಕೆ ತೋಟ ಇರುವ ಮನೆಯ ಮಕ್ಕಳಿಗೆ ಬೇಗ ತಿಳಿಯುತ್ತದೆ. ಸ್ಪ್ರಿಂಕ್ಲರಿನ ಪೈಪು ತೋಟದ ನಡುವೆ ಒಡೆದರೆ ತುದಿಯ ನಳ್ಳಿ ಮುಚ್ಚಿ ಏನು ಪ್ರಯೋಜನ? ಪಂಪಿನ ಹತ್ತಿರದ ವಾಲ್ವನ್ನೇ ಮುಚ್ಚಬೇಕು. ಬೋಟಿನಲ್ಲಿ ಬ್ಯಾಟರಿ ಸಾಮಾನ್ಯವಾಗಿ ಹಿಂದೆ, ಇಂಜಿನಿನ ಪಕ್ಕ. ಆಂಪ್ ಮುಂದೆ, ನಾವು ಕುಣಿಯುವಲ್ಲಿ. ನಡುವಿನ ಐದಾರು ಮೀಟರ್ ವೈರ್ ಸೀಟಿನ ಅಡಿಯಲ್ಲಿ, ಹಲಗೆಯ ಸಂದಿಯಲ್ಲಿ, ಇಂಜಿನಿನ ಕಬ್ಬಿಣಕ್ಕೆ ಉಜ್ಜಿಕೊಂಡು ಹೋಗುತ್ತದೆ. ಇಂಜಿನ್ ನಡುಗುವಾಗಲೆಲ್ಲ ಅದೂ ನಡುಗುತ್ತದೆ. ಅಲ್ಲೆಲ್ಲೋ ಮೇಲಿನ ಪ್ಲಾಸ್ಟಿಕ್ ಸವೆದು ಪ್ಲಸ್ ಹೋಗಿ ಮೈನಸ್ಸಿಗೆ ತಾಗಿದರೆ ಕರೆಂಟ್ ಆಂಪಿನವರೆಗೆ ಹೋಗುವುದೇ ಇಲ್ಲ. ಹೋಗದ ಕರೆಂಟಿಗೆ ಆಂಪಿನ ಫ್ಯೂಸ್ ಹಾರುವುದು ಹೇಗೆ? ಬ್ಯಾಟರಿ ಖಾಲಿಯಾಗುವವರೆಗೆ ಅಥವಾ ವೈರ್ ಕರಗಿ ತುಂಡಾಗುವವರೆಗೆ ಅದು ಹರಿಯುತ್ತಲೇ ಇರುತ್ತದೆ.

'12 ವೋಲ್ಟ್ ತಾನೇ, ಶಾಕ್ ಹೊಡೆಯುವುದಿಲ್ಲ' ಎನ್ನುವವರೂ ಇದ್ದಾರೆ. ಶಾಕ್ ಹೊಡೆಯುವುದಿಲ್ಲ, ನಿಜ. ಬಿಸಿಯ ಲೆಕ್ಕ ಬೇರೆ. ಬಿಎಸ್ಸಿಯಲ್ಲಿ ಕಲಿತ ಓಮ್ ನಿಯಮ ಪರೀಕ್ಷೆ ಮುಗಿದ ಮೇಲೂ ಕೆಲಸಕ್ಕೆ ಬರುವ ಜಾಗ ಇದು. ಮನೆ ವೈರಿಂಗಿಗೆ ಬಳಸುವ 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ತೆಗೆದುಕೊಳ್ಳಿ. ಹೋಗಲು ಐದು ಮೀಟರ್, ಬರಲು ಐದು ಮೀಟರ್, ಒಟ್ಟು ಹತ್ತು. ಅದರ ರೋಧ ಸುಮಾರು 0.043 ಓಮ್. ಒಳ್ಳೆಯ ಲೆಡ್ ಆ್ಯಸಿಡ್ ಬ್ಯಾಟರಿಯ ಒಳಗಿನ ರೋಧ 0.005 ಓಮ್ ಎಂದಿಟ್ಟುಕೊಳ್ಳೋಣ. ಆ ವೈರಿನ ತುದಿಯಲ್ಲಿ ಶಾರ್ಟ್ ಆದರೆ 12.6 ವೋಲ್ಟಿಗೆ ಹರಿಯುವುದು 260 ಆಂಪಿಯರಿಗಿಂತ ಹೆಚ್ಚು. ವೈರಿನೊಳಗೆ ಹುಟ್ಟುವ ಶಾಖ 2900 ವ್ಯಾಟ್ ದಾಟುತ್ತದೆ, ಅಂದರೆ ಬಚ್ಚಲಿನ ಇನ್‌ಸ್ಟಂಟ್ ಗೀಸರಿನಷ್ಟು. ಗೀಸರಿನಲ್ಲಿ ಆ ಶಾಖ ನೀರಿಗೆ ಹೋಗುತ್ತದೆ. ಇಲ್ಲಿ 360 ಗ್ರಾಂ ತಾಮ್ರಕ್ಕೆ ಹೋಗುತ್ತದೆ. ಮೊದಲು ಸೆಕೆಂಡಿಗೆ 20 ಡಿಗ್ರಿಯಂತೆ ಏರುತ್ತದೆ. ಬಿಸಿಯಾದಂತೆ ರೋಧ ಹೆಚ್ಚಿ ವೇಗ ಸ್ವಲ್ಪ ಇಳಿದರೂ ಏಳೆಂಟು ಸೆಕೆಂಡಿನಲ್ಲಿ ವೈರ್ 160 ಡಿಗ್ರಿ ಮುಟ್ಟುತ್ತದೆ. ಮನೆ ವೈರಿನ ಪಿವಿಸಿ ಹೊದಿಕೆ ದಿನವೂ ತಾಳುವುದು 70 ಡಿಗ್ರಿಯವರೆಗೆ. ಒಂದು ನಮೋ ಮರಿಯ ಹೇಳಿ ಮುಗಿಸುವ ಮೊದಲೇ ಸೀಟಿನ ಅಡಿಯಲ್ಲಿ ಆ ಪ್ಲಾಸ್ಟಿಕ್ ಕರಗತೊಡಗಿರುತ್ತದೆ. ಅದೇ ವೈರಿನ ಆರಂಭದಲ್ಲಿ 30 ಆಂಪಿಯರಿನ ಒಂದು ಫ್ಯೂಸ್ ಇದ್ದಿದ್ದರೆ ವೈರ್ ಬೆಚ್ಚಗಾಗುವ ಮೊದಲೇ ಅದು ಹಾರಿರುತ್ತಿತ್ತು.

ಕಾರಿನಲ್ಲಿ ಹೀಗಾದರೆ ಬದಿಗೆ ನಿಲ್ಲಿಸಿ ಬಾಗಿಲು ತೆರೆದು ಇಳಿಯಬಹುದು. ಹಿನ್ನೀರಿನ ನಡುವೆ ಇಳಿಯುವುದು ಎಲ್ಲಿಗೆ? ನಮ್ಮಲ್ಲಿ ಈಜು ಬಲ್ಲವರು ಎಷ್ಟು ಮಂದಿ, ಲೆಕ್ಕ ಹಾಕಿ. ನಮ್ಮ ಜೊತೆ ಧರ್ಮೋಪದೇಶದ ತರಗತಿಯ ಮಕ್ಕಳೂ ಬರುತ್ತಾರೆ, ಕೆಲವೊಮ್ಮೆ ಅಜ್ಜಿಯಂದಿರೂ. ಕೆಟ್ಟುವಳ್ಳಂ ಮಾದರಿಯ ಹೌಸ್‌ಬೋಟ್ ಎಂದರೆ ಹೆಬ್ಬಲಸಿನ ಹಲಗೆ, ತೆಂಗಿನ ನಾರಿನ ಹಗ್ಗ, ಬಿದಿರು, ಚಾಪೆ. ಅಡುಗೆ ಕೋಣೆಯಲ್ಲಿ ಗ್ಯಾಸ್ ಸಿಲಿಂಡರ್. ಒಲೆಗೆ ಹಾಕಲು ಇದಕ್ಕಿಂತ ಒಳ್ಳೆಯ ಸಾಮಾನು ಸಿಗಲಿಕ್ಕಿಲ್ಲ. 2020ರ ಜನವರಿಯಲ್ಲಿ ವೇಂಬನಾಡು ಕೆರೆಯಲ್ಲಿ ಪಾತಿರಾಮಣಲ್ ದ್ವೀಪದ ಬಳಿ ಒಂದು ಹೌಸ್‌ಬೋಟ್ ಹೊತ್ತಿ ಉರಿಯಿತು. ಪ್ರವಾಸಿಗರು ನೀರಿಗೆ ಇಳಿದರು, ಎಲ್ಲರೂ ಬದುಕಿದರು. ಹಗಲಾಗಿತ್ತು, ಅಲ್ಲಿ ನೀರು ಆಳವಿರಲಿಲ್ಲ. ಆ ಬೆಂಕಿಗೂ ಸೌಂಡಿಗೂ ಸಂಬಂಧ ಇತ್ತೆಂದು ನಾವು ಹೇಳುತ್ತಿಲ್ಲ. ನೀರಿನ ಮೇಲೆ ಬೆಂಕಿ ಬಿದ್ದರೆ ನಮಗೆ ಎಷ್ಟು ಸಮಯ, ಎಷ್ಟು ಜಾಗ ಇರುತ್ತದೆ ಎಂಬುದಕ್ಕೆ ಇದನ್ನು ನೆನಪಿಸಿದೆವು.

'ಒಂದು ಗೇಣು' ನಮ್ಮ ಸ್ವಂತ ಅಳತೆಯೇನಲ್ಲ. ಅಮೆರಿಕದ ದೋಣಿ ಕಟ್ಟುವವರು ಅನುಸರಿಸುವ ಎಬಿವೈಸಿ ಮಾನದಂಡದಲ್ಲಿ ಬ್ಯಾಟರಿಯಿಂದ ವೈರಿನುದ್ದಕ್ಕೆ ಅಳೆದರೆ 7 ಇಂಚಿನೊಳಗೆ ಫ್ಯೂಸ್ ಅಥವಾ ಬ್ರೇಕರ್ ಇರಬೇಕು. ಸಣ್ಣ ದೋಣಿಗಳ ಡಿಸಿ ವೈರಿಂಗಿಗೆ ಬಹುಕಾಲ ಬಳಕೆಯಲ್ಲಿದ್ದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 10133 ಹೇಳುವುದು 200 ಮಿಲಿಮೀಟರ್. ಎರಡೂ ಒಂದು ಗೇಣಿಗಿಂತ ತುಸು ಕಡಿಮೆಯೇ. ವೈರಿಗೆ ಮೇಲಿಂದ ಇನ್ನೊಂದು ಕವಚ ಹಾಕಿದರೆ ಆರು ಅಡಿಯವರೆಗೆ ವಿನಾಯಿತಿ ಇದೆ. ಆದರೆ ಒಂದು ದಿನದ ವಿಹಾರಕ್ಕೆ ಬೋಟ್ ಹಿಡಿಯುವ ನಾವು ವಿನಾಯಿತಿಯ ಕಡೆಗೆ ನೋಡುವುದೇ ಬೇಡ. ಫ್ಯೂಸಿಗಿಂತ ಹಿಂದಿನ ಆ ತುಂಡು ವೈರನ್ನು ಕಾಯುವವರು ಯಾರೂ ಇಲ್ಲ. ಅದು ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು.

ಇನ್ನು ಎಷ್ಟು ಆಂಪಿಯರಿನ ಫ್ಯೂಸ್ ಎಂಬ ಪ್ರಶ್ನೆ. ಇಲ್ಲಿ ಹೆಚ್ಚಿನವರು ಆಂಪನ್ನು ನೋಡಿ ಫ್ಯೂಸ್ ತರುತ್ತಾರೆ. ಮೊದಲು ನೋಡಬೇಕಾದದ್ದು ವೈರನ್ನು. ಆಂಪಿಗೆ 50 ಆಂಪಿಯರ್ ಬೇಕು, ಕೈಯಲ್ಲಿರುವ ವೈರ್ 30 ಮಾತ್ರ ತಾಳುತ್ತದೆ ಎಂದಾದರೆ 50ರ ಫ್ಯೂಸ್ ಹಾಕುವುದು ಪರಿಹಾರವಲ್ಲ, ದಪ್ಪ ವೈರ್ ತರುವುದು ಪರಿಹಾರ. ಫ್ಯೂಸಿನ ಅಂಕೆ ವೈರಿನ ತಾಳಿಕೆಯನ್ನು ಮೀರಬಾರದು. ಎರಡು ಆಂಪ್ ಇದ್ದು ಒಂದು ದಪ್ಪ ವೈರ್ ಮುಂದೆ ಎರಡು ಸಣ್ಣ ವೈರಾಗಿ ಕವಲೊಡೆದರೆ, ಆ ಕವಲಿನಲ್ಲಿ ಪ್ರತಿಯೊಂದಕ್ಕೂ ಅದರದೇ ಫ್ಯೂಸ್ ಬೇಕು. ಸ್ಟೀರಿಯೊಗೆ ನೇರ ಬ್ಯಾಟರಿಯಿಂದ ಎಳೆಯುವ ಸಪೂರ ಮೆಮೊರಿ ವೈರಿಗೂ ಬೇಕು. ಅದನ್ನು ಎಲ್ಲರೂ ಮರೆಯುತ್ತಾರೆ.

ಲೆಕ್ಕಕ್ಕೆ ಒಂದು ಉದಾಹರಣೆ. ನಿಜವಾದ 500 ವ್ಯಾಟ್ ಕೊಡುವ ಕ್ಲಾಸ್ ಡಿ ಆಂಪ್, ದಕ್ಷತೆ ಶೇಕಡಾ 80 ಎಂದರೆ ಒಳಗೆ ಎಳೆಯುವುದು 625 ವ್ಯಾಟ್, ಅಂದರೆ ಸುಮಾರು 50 ಆಂಪಿಯರ್. ಬ್ಯಾಟರಿಯಿಂದ ಆರು ಮೀಟರ್ ದೂರ ಎಂದರೆ ಹೋಗಿ ಬರುವ ವೈರ್ ಹನ್ನೆರಡು ಮೀಟರ್. 16 ಸ್ಕ್ವೇರ್ ಎಂಎಂ ವೈರಿನಲ್ಲಿ 0.64 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ; 35ರಲ್ಲಾದರೆ 0.3 ವೋಲ್ಟಿನೊಳಗೆ ನಿಲ್ಲುತ್ತದೆ. ವೋಲ್ಟೇಜ್ ಬಿದ್ದರೆ ಬಾಸ್ ಒಡೆಯುತ್ತದೆ, ಆಗ ನಮ್ಮವರು ವಾಲ್ಯೂಮ್ ಇನ್ನೂ ಏರಿಸುತ್ತಾರೆ. ಆಂಪನ್ನು ಬ್ಯಾಟರಿಯ ಹತ್ತಿರ ಇಟ್ಟು ಸ್ಪೀಕರ್ ವೈರನ್ನೇ ಉದ್ದ ಎಳೆಯುವುದು ಇದಕ್ಕಿಂತ ಸುಲಭ. ಆದರೆ ಬ್ಯಾಟರಿ ಪೆಟ್ಟಿಗೆಯ ಒಳಗೆ ಬೇಡ, ಗಾಳಿ ಆಡುವ ಜಾಗದಲ್ಲಿ. ಚಾರ್ಜ್ ಆಗುವ ಬ್ಯಾಟರಿ ಹೈಡ್ರೊಜನ್ ಬಿಡುತ್ತದೆ. ಪೆಟ್ರೋಲ್ ಇಂಜಿನಿನ ಬೋಟಾದರೆ ಇನ್ನೊಂದು ಎಚ್ಚರ: ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಹೋಗಿ ತಳದಲ್ಲಿ ಕೂರುತ್ತದೆ. ಅಲ್ಲಿ ಕಿಡಿ ಹಾರುವ ಯಾವ ಸ್ವಿಚ್ಚೂ ಬ್ರೇಕರೂ ಇರಬಾರದು.

ಆಂಪಿನ ಮೇಲೆ '5000 ವ್ಯಾಟ್' ಎಂದು ಚಿನ್ನದ ಅಕ್ಷರದಲ್ಲಿ ಬರೆದದ್ದನ್ನು ನಂಬಬೇಡಿ. ಅದರ ಹಿಂದೆ ಇರುವ ಫ್ಯೂಸ್ ನೋಡಿ. 30ರ ಎರಡು ಫ್ಯೂಸ್ ಇದ್ದರೆ ಒಳಗೆ ಹೋಗಬಹುದಾದದ್ದು ಹೆಚ್ಚೆಂದರೆ 60 ಆಂಪಿಯರ್, 12 ವೋಲ್ಟಿನಲ್ಲಿ 720 ವ್ಯಾಟ್. 720 ಒಳಗೆ ಹೋಗಿ 5000 ಹೊರಗೆ ಬರುವುದಾದರೆ ಅದನ್ನು ಬೋಟಿಗೆ ತರುವುದು ಬೇಡ, ವಿದ್ಯುತ್ ಮಂಡಳಿಗೆ ಕೊಡೋಣ.

ಫ್ಯೂಸಿನ ಜಾತಿಯೂ ಮುಖ್ಯ. ಗಾಜಿನ ಕೊಳವೆಯ ಸಣ್ಣ ಫ್ಯೂಸ್ ರೇಡಿಯೊಗೆ ಸಾಕು, ಬ್ಯಾಟರಿಯ ಬಾಯಿಗೆ ಸಾಲದು. ದೊಡ್ಡ ಬ್ಯಾಟರಿಯ ಟರ್ಮಿನಲ್ ಪಕ್ಕದಲ್ಲೇ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ನುಗ್ಗುತ್ತದೆ. ಆಗ ಫ್ಯೂಸಿನ ತಂತಿ ಕರಗಿದರೂ ನಡುವೆ ಕಿಡಿಯ ಸೇತುವೆ ಉಳಿದುಬಿಡಬಹುದು. ಅದನ್ನು ಕತ್ತರಿಸುವ ಶಕ್ತಿ ಫ್ಯೂಸಿಗೆ ಇರಬೇಕು. ಒಳ್ಳೆಯ ಎಎನ್‌ಎಲ್ ಫ್ಯೂಸ್ 6000 ಆಂಪಿಯರಿನವರೆಗೆ, ಟರ್ಮಿನಲ್ ಮೇಲೆಯೇ ಕೂರುವ ಎಂಆರ್‌ಬಿಎಫ್ 10000ದವರೆಗೆ ಕತ್ತರಿಸುತ್ತದೆ. ಈಗ ಬರುತ್ತಿರುವ ಲಿಥಿಯಂ ಬ್ಯಾಟರಿಗಳಿಗೆ ಕ್ಲಾಸ್ ಟಿ ಫ್ಯೂಸ್ ಹಾಕುತ್ತಾರೆ. ಒಂದು ಬೋಟಿನಲ್ಲಿ ನಾವು ಕಂಡದ್ದನ್ನೂ ಹೇಳಿಬಿಡುತ್ತೇವೆ: ಹಾರಿಹೋದ ಫ್ಯೂಸಿನ ಮೇಲೆ ಚಾಕಲೇಟಿನ ಬೆಳ್ಳಿ ಕಾಗದ ಸುತ್ತಿ ಅದೇ ಹೋಲ್ಡರಿಗೆ ಸಿಕ್ಕಿಸಿದ್ದರು. ಕೇಳಿದರೆ, ಮೂರು ತಿಂಗಳಿಂದ ಹಾಗೇ ಓಡುತ್ತಿದೆ ಎಂದರು. ಆ ಬೋಟಿನ ಹೆಸರು ಬೇಡ. ಆದರೆ 'ಹೋದ ವರ್ಷ ಏನೂ ಆಗಿಲ್ಲ' ಎಂಬ ಮಾತಿಗೆ ಸುರಕ್ಷೆಯ ವಿಷಯದಲ್ಲಿ ಯಾವ ಬೆಲೆಯೂ ಇಲ್ಲ ಎಂದು ನಾವು ಅಂದಿನಿಂದ ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದೇವೆ.

ಫ್ಯೂಸ್ ಹಾಕಿದ ಮೇಲೆ ನಿಶ್ಚಿಂತೆ ಎಂದು ಯಾರೂ ತಿಳಿಯಬಾರದು. ಫ್ಯೂಸಿಗೆ ಕಾಣದ ಒಂದು ಅಪಾಯವಿದೆ, ಸಡಿಲ ಜಾಯಿಂಟ್. ಕ್ಲಿಪ್ ಹಾಕಿದ ಅಥವಾ ಕೈಯಲ್ಲಿ ತಿರುಚಿ ಟೇಪ್ ಸುತ್ತಿದ ಜಾಯಿಂಟಿನಲ್ಲಿ 0.02 ಓಮ್ ರೋಧ ಹುಟ್ಟುವುದು ದೊಡ್ಡ ಸಂಗತಿಯಲ್ಲ. 50 ಆಂಪಿಯರ್ ಹರಿಯುವಾಗ ಆ ಒಂದೇ ಬಿಂದುವಿನಲ್ಲಿ 50 ವ್ಯಾಟ್ ಶಾಖ. ರಿಪೇರಿ ಅಂಗಡಿಯ ಸೋಲ್ಡರಿಂಗ್ ಐರನ್ ಅಷ್ಟರಲ್ಲೇ ಸೀಸ ಕರಗಿಸುತ್ತದೆ. ಕರೆಂಟ್ ಹೆಚ್ಚಾಗಿಲ್ಲವಾದ್ದರಿಂದ ಫ್ಯೂಸ್ ಸುಮ್ಮನೆ ಕೂತಿರುತ್ತದೆ. ನಮ್ಮ ಹಿನ್ನೀರಿನಲ್ಲಿ ಇದು ಬೇಗ ಆಗುತ್ತದೆ. ಪಡುವಣ ಪಟ್ಟಿಯ ಆಚೆಗೇ ಕಡಲು, ಗಾಳಿಯಲ್ಲೇ ಉಪ್ಪು. ತಾಮ್ರದ ಎಳೆ ಹಸಿರುಗಟ್ಟಲು ಒಂದು ಮಳೆಗಾಲ ಸಾಕು. ಆದ್ದರಿಂದ ದೋಣಿಗೆ ತವರ ಲೇಪಿಸಿದ, ಸಪೂರ ಎಳೆಗಳ ತಾಮ್ರದ ವೈರ್ ಬೇಕು. ತುದಿಗೆ ಲಗ್ ಹಾಕಿ ಸರಿಯಾದ ಟೂಲಿನಲ್ಲಿ ಕ್ರಿಂಪ್ ಮಾಡಬೇಕು, ಸುತ್ತಿಗೆಯಲ್ಲಿ ಜಜ್ಜುವುದಲ್ಲ. ಮೇಲಿಂದ ಅಂಟಿರುವ ಹೀಟ್ ಶ್ರಿಂಕ್ ಸ್ಲೀವ್ ಎಳೆದು ಬಿಸಿ ಮಾಡಬೇಕು. ಪ್ರತಿ ಒಂದೂವರೆ ಅಡಿಗೆ ವೈರನ್ನು ಕಟ್ಟಬೇಕು. ಕಾರ್ ಆಡಿಯೊ ಕಿಟ್ ಎಂದು ಅಗ್ಗಕ್ಕೆ ಸಿಗುವ ದಪ್ಪ ವೈರನ್ನು ಬ್ಲೇಡಿನಲ್ಲಿ ಕೆರೆದು ನೋಡಿ: ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ತಾಮ್ರದಷ್ಟು ಕರೆಂಟ್ ತಾಳುವುದಿಲ್ಲ, ಉಪ್ಪಿಗಂತೂ ನಿಲ್ಲುವುದೇ ಇಲ್ಲ. (ತವರ ಲೇಪಿಸಿದ ತಾಮ್ರ ಹೊರಗೆ ಬೆಳ್ಳಗೆ, ಕೆರೆದರೆ ಕೆಂಪು. ಗೊಂದಲ ಬೇಡ.)

ಕಾರಿನಲ್ಲಿ ಮೈನಸ್ಸನ್ನು ಬಾಡಿಗೆ ಕೊಟ್ಟು ಮುಗಿಸುತ್ತಾರೆ. ಬೋಟಿನಲ್ಲಿ ಆ ಅಭ್ಯಾಸ ಬಿಡಬೇಕು. ಮರಕ್ಕೂ ಫೈಬರಿಗೂ ಕರೆಂಟ್ ಹರಿಯುವುದಿಲ್ಲ. ಕಬ್ಬಿಣದ ಬೋಟಿನಲ್ಲಿ ಹರಿಸಿದರೆ ನೀರಿನೊಳಗಿನ ಲೋಹ ತಿಂದುಹೋಗುತ್ತದೆ. ಪ್ಲಸ್ಸಿನಷ್ಟೇ ದಪ್ಪದ ಮೈನಸ್ ವೈರ್ ಬ್ಯಾಟರಿಯವರೆಗೆ ಬರಲೇಬೇಕು.

ಇಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯಿಂದ ಹಾಡು ಬೇಡ ಎಂಬುದು ನಮ್ಮ ಇನ್ನೊಂದು ಹಟ. ಹಾಡಿನಲ್ಲಿ ಆಂಪ್ ಸದಾ 50 ಎಳೆಯುವುದಿಲ್ಲ, ಸರಾಸರಿ 15 ಎಂದುಕೊಳ್ಳಿ. ಇಂಜಿನ್ ನಿಲ್ಲಿಸಿ ಊಟ, ಆಟ, ಹಾಡು ಎಂದು ಐದು ಗಂಟೆ ಕಳೆದರೆ 75 ಆಂಪಿಯರ್ ಅವರ್ ಖರ್ಚು. 100ರ ಲೆಡ್ ಆ್ಯಸಿಡ್ ಬ್ಯಾಟರಿಯಲ್ಲಿ ನಿಜವಾಗಿ ಬಳಸಬಹುದಾದದ್ದು ಅರ್ಧವಷ್ಟೇ. ಸಂಜೆ ಇಳಿತದ ಸೆಳೆತ ಅಳಿವೆಯ ಕಡೆಗೆ ಎಳೆಯುವಾಗ ಇಂಜಿನ್ ಸ್ಟಾರ್ಟ್ ಆಗದಿದ್ದರೆ? ತಳದ ನೀರೆತ್ತುವ ಪಂಪೂ ಅನೇಕ ಬೋಟುಗಳಲ್ಲಿ ಅದೇ ಬ್ಯಾಟರಿಯಲ್ಲಿ ಓಡುತ್ತದೆ. ಸೌಂಡಿಗೆ ಬೇರೆ ಬ್ಯಾಟರಿ ತನ್ನಿ, ಅದನ್ನು ಅಲುಗದಂತೆ ಪಟ್ಟಿ ಹಾಕಿ ಕಟ್ಟಿ, ಟರ್ಮಿನಲಿಗೆ ರಬ್ಬರ್ ಮುಚ್ಚಳ ಹಾಕಿ. ಜನರೇಟರಿನಿಂದ 230 ವೋಲ್ಟ್ ಎಳೆದು ಒದ್ದೆ ಡೆಕ್ಕಿನ ಮೇಲೆ ಎಕ್ಸ್‌ಟೆನ್ಷನ್ ಬೋರ್ಡ್ ಇಡುವ ಯೋಚನೆ ಇದ್ದವರಿಗೆ ನಮ್ಮ ಉತ್ತರ ಒಂದೇ ಪದ: ಬೇಡ.

ಇಷ್ಟೆಲ್ಲ ಓದಿ 'ಇವರಿಗೆ ಹಾಡೇ ಬೇಡ' ಎನ್ನುವವರಿಗೆ ಒಂದು ಮಾತು. 50 ವ್ಯಾಟಿನಿಂದ 500 ವ್ಯಾಟಿಗೆ ಏರಿಸಿದರೆ ಹೆಚ್ಚುವುದು 10 ಡೆಸಿಬೆಲ್; ಕಿವಿಗೆ ಅದು ಸುಮಾರು ಎರಡರಷ್ಟು ಜೋರಾಗಿ ಕೇಳುತ್ತದೆ. ಎರಡರಷ್ಟು ಸದ್ದಿಗೆ ಹತ್ತರಷ್ಟು ಕರೆಂಟ್, ಹತ್ತರಷ್ಟು ದಪ್ಪ ವೈರ್, ಅಷ್ಟೇ ತಲೆಬಿಸಿ. ಇಪ್ಪತ್ತೈದು ಮಂದಿ ಕೂರುವ ಬೋಟಿಗೆ ತನ್ನದೇ ಬ್ಯಾಟರಿ ಇರುವ ಒಂದು ಬ್ಲೂಟೂತ್ ಸ್ಪೀಕರ್, ಒಂದು ಗಿಟಾರ್ ಸಾಕು. ಬೋಟ್ ನಡೆಸುವವರು 'ಒಂದೇ ಬದಿಗೆ ಬರಬೇಡಿ' ಎಂದು ಕೂಗಿದ್ದು ಎಲ್ಲರಿಗೂ ಕೇಳಿಸಬೇಕು. ನಮಗೆ ಅದು ಬಾಸಿಗಿಂತ ದೊಡ್ಡದು.

ಕೊನೆಗೆ, ಇದನ್ನೆಲ್ಲ ನೋಡುವವರು ಯಾರು ಎಂಬುದು. ಬೋಟಿನವರಿಗೆ ನೋಂದಣಿ, ತಪಾಸಣೆ ಎಲ್ಲ ಇರಬಹುದು. ಆದರೆ ಆ ಸರ್ಟಿಫಿಕೇಟ್ ಬರೆಯುವಾಗ ನಾವು ಹೊತ್ತು ತರುವ ಆಂಪ್ ಅಲ್ಲಿರಲಿಲ್ಲ. ತಂದವರು ನಾವು, ಹೊಣೆಯೂ ನಮ್ಮದೇ. ಹಾಗಾಗಿ ಪ್ರತಿ ಘಟಕ ಮುಂಗಡ ಕೊಡುವ ಮೊದಲು ಇಬ್ಬರನ್ನು ಕಳಿಸಿ ಬ್ಯಾಟರಿ ಪೆಟ್ಟಿಗೆ ತೆರೆದು ನೋಡಬೇಕು. ಆ ಇಬ್ಬರಲ್ಲಿ ಒಬ್ಬರಾದರೂ ವೈರಿಂಗ್ ಕೆಲಸ ಬಲ್ಲವರಾಗಿರಬೇಕು, ಸೌಂಡ್ ತರುವವರು ಆಗಿರಬಾರದು. ಅವರು ಬೇಡ ಎಂದರೆ ಅಧ್ಯಕ್ಷರೂ ಗುರುಗಳೂ ಸೇರಿ ಯಾರೂ ಅದನ್ನು ತಿದ್ದಬಾರದು. ಬೋಟಿನವರ ಹತ್ತಿರ ಕೇಳಲು ಸಂಕೋಚವೂ ಬೇಡ. ನಮ್ಮ ಮಲಯಾಳ ಹರಕು ಮುರುಕಾದರೂ ಪರವಾಗಿಲ್ಲ. ಮಲಯಾಳದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ, ಕನ್ನಡದಲ್ಲಿ ಫ್ಯೂಸ್ ಎಂದರೆ ಫ್ಯೂಸೇ. ಹೋಲ್ಡರ್ ಮತ್ತು ಫ್ಯೂಸಿಗೆ ಕೆಲವು ನೂರು ರೂಪಾಯಿ ಬೀಳುತ್ತದೆ, ಅದನ್ನು ವಿಹಾರದ ಲೆಕ್ಕಕ್ಕೇ ಸೇರಿಸಿ. ಅದೇ ಅಂಕೆಯ ಎರಡು ಹೆಚ್ಚುವರಿ ಫ್ಯೂಸೂ ಜೊತೆಗಿರಲಿ, ಬೆಳ್ಳಿ ಕಾಗದ ಹುಡುಕುವ ಪ್ರಸಂಗ ಬಾರದು. ಒಮ್ಮೆ ಹಾರಿದರೆ ಕಾರಣ ನೋಡಿ ಬದಲಿಸಿ. ಎರಡನೆಯ ಸಲವೂ ಹಾರಿದರೆ ಬ್ಯಾಟರಿಯ ವೈರ್ ಕಳಚಿ ಗಿಟಾರ್ ಹೊರಗೆ ತೆಗೆಯಿರಿ.